ಕಣಿವೆ ಯಾವ ಕಡೆ

ಮನೆ ಬದಲಾಯಿಸುವವರ ಸಾಮಾನು ಕಟ್ಟಿ, ಲಾರಿಗೆ ಏರಿಸಿ, ಹೊಸ ಮನೆಯಲ್ಲಿ ಇಳಿಸಿಕೊಡುವ ಕಂಪನಿಯೊಂದರಲ್ಲಿ ಅವಳಿಗೆ ಹಗ್ಗದಕ್ಕ ಎಂದೇ ಹೆಸರು. ಎಡಗೈಯ ಮಣಿಕಟ್ಟಿಗೆ ಸದಾ ನಾಲ್ಕು ಸುತ್ತು ಸಣ್ಣ ಹಗ್ಗ ಇರುತ್ತದೆ. ಸ್ನಾನಕ್ಕೂ ಅದನ್ನು ಬಿಚ್ಚುವುದಿಲ್ಲವೆಂದು ಅವಳ ಗಂಡ ಹೇಳುತ್ತಾನೆ, ಅದರಲ್ಲಿ ಅರ್ಧ ಸುಳ್ಳು. ಲಾರಿ ತೊಳೆಯುವವನಿಂದ ಹಿಡಿದು ಕಂಪನಿಯ ಯಜಮಾನರವರೆಗೆ ಎಲ್ಲರಿಗೂ ಅವಳು ಅಕ್ಕನೇ. ಯಜಮಾನರು ಅವಳಿಗಿಂತ ಎಷ್ಟೋ ದೊಡ್ಡವರು, ಆದರೂ ಗಾಜಿನ ಸಾಮಾನು ಜಾಸ್ತಿ ಇರುವ ಮನೆಯ ಕೆಲಸ ಬಂತೆಂದರೆ ಅವರ ಬಾಯಲ್ಲಿ ‘ಅಕ್ಕಾ’ ಇನ್ನೂ ಸ್ವಲ್ಪ ಉದ್ದವಾಗುತ್ತದೆ.

ಕೆಲಸದಲ್ಲಿ ಅವಳದು ಎತ್ತಿದ ಕೈ. ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದರೆ ಸಾಕು, ಎಷ್ಟು ರಟ್ಟಿನ ಪೆಟ್ಟಿಗೆ ಬೇಕು, ಯಾವ ಮಂಚ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವ ಬೀರುವಿನ ಕಾಲು ಮೊದಲೇ ಮುರಿದಿದ್ದರೂ ಮನೆಯವರು ಆಮೇಲೆ ಅದನ್ನು ಕೆಲಸದವರ ತಲೆಗೆ ಕಟ್ಟುತ್ತಾರೆ, ಎಲ್ಲ ತಿಳಿದುಹೋಗುತ್ತದೆ. ಊಟದ ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಿ ಕಟ್ಟುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ತಟ್ಟೆ ನಿಂತು ಪ್ರಯಾಣ ಮಾಡಬೇಕು, ಮಲಗಿದರೆ ಒಡೆಯುತ್ತದೆ. ಟೇಪನ್ನು ಹಲ್ಲಲ್ಲೇ ಕಡಿಯುತ್ತಾಳೆ. ಮನೆಯವರು ಹಿಂದೆ ಹಿಂದೆಯೇ ಸುಳಿದಾಡಿ ‘ಜೋಪಾನ, ಜೋಪಾನ’ ಎನ್ನುತ್ತಿದ್ದರೆ ಅವರ ಕೈಗೊಂದು ದಿಂಬು ಕೊಟ್ಟು ಗೇಟಿನ ಹತ್ತಿರ ನಿಲ್ಲಿಸಿಬಿಡುತ್ತಾಳೆ. ಅವರು ಅದನ್ನು ಹಿಡಿದುಕೊಂಡು ಬಹಳ ಜವಾಬ್ದಾರಿಯಿಂದ ನಿಂತಿರುತ್ತಾರೆ.

ಸಾಮಾನು ತುಂಬಿದ ಮೇಲೆ ಉಳಿದವರೆಲ್ಲ ಡ್ರೈವರ್ ಪಕ್ಕದಲ್ಲಿ ಒತ್ತರಿಸಿಕೊಂಡು ಕೂತರೆ, ಅವಳು ಕೂರುವುದು ಲಾರಿಯ ಹಿಂಬಾಗಿಲಿನ ಬಳಿ, ಸಾಮಾನಿಗೆ ಬೆನ್ನು ಕೊಟ್ಟು, ಬಿಟ್ಟುಬಂದ ರಸ್ತೆಯ ಕಡೆ ಮುಖ ಮಾಡಿಕೊಂಡು. ಒಳಗೆ ಏನಾದರೂ ಅಲುಗಿದರೆ ಕಿವಿಗಿಂತ ಮೊದಲು ಬೆನ್ನಿಗೆ ಗೊತ್ತಾಗುತ್ತದೆ ಎನ್ನುತ್ತಾಳೆ. ಫ್ರಿಜ್ ವಾಲಿತೋ, ಪುಸ್ತಕದ ಪೆಟ್ಟಿಗೆ ಜಾರಿತೋ ಬೆನ್ನಲ್ಲೇ ತಿಳಿದುಕೊಂಡು ಲಾರಿಯ ತಗಡಿಗೆ ಎರಡು ಬಾರಿ ಬಡಿಯುತ್ತಾಳೆ, ಡ್ರೈವರ್ ನಿಧಾನಿಸುತ್ತಾನೆ. ಹೀಗಾಗಿ ಅವಳ ಪಾಲಿಗೆ ಎಲ್ಲ ರಸ್ತೆಗಳೂ ಹಿಂದಕ್ಕೆ ಸರಿಯುವ ರಸ್ತೆಗಳೇ. ಹಿಮದ ಬೆಟ್ಟಗಳ ಕಡೆಗೆ ಏರುವ ಹಳೆಯ ಘಾಟಿ ರಸ್ತೆಯನ್ನೂ ಹೀಗೆಯೇ ಕೂತು ಎಷ್ಟು ಸಲ ಹತ್ತಿದ್ದಾಳೋ ಲೆಕ್ಕವಿಲ್ಲ. ಇಳಿದು ಬರುವಾಗ ಲಾರಿ ಖಾಲಿ, ಹೊತ್ತೂ ಮುಳುಗಿರುತ್ತಿತ್ತು. ಕ್ಯಾಬಿನ್ನಿನಲ್ಲಿ ಕೂತ ತಕ್ಷಣ ನಿದ್ದೆ ಬರುತ್ತಿತ್ತು.

ತಾನು ಹೇಳಿದ್ದೇ ಸರಿ ಎಂಬ ಗುಣ ಅವಳಿಗೆ ಎಲ್ಲಿಂದ ಬಂತೆಂದು ದೂರ ಹುಡುಕಬೇಕಾಗಿಲ್ಲ, ಅಪ್ಪನನ್ನು ನೋಡಿದರೆ ಸಾಕು. ಅಪ್ಪ ಆಯಸ್ಸಿನ ಬಹುಭಾಗ ಲಾರಿ ಓಡಿಸಿದವನು, ಅದರಲ್ಲೂ ಹೆಚ್ಚು ಅದೇ ಘಾಟಿಯಲ್ಲಿ. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು, ಮುಂದಿನ ಕೋಣೆಯ ಕಿಟಕಿ ಹಿಡಿದು ಕೂತವನು ಬೀದಿಯಲ್ಲಿ ಯಾರು ಗೇರ್ ತಪ್ಪಾಗಿ ಹಾಕಿದರೂ ಒಳಗಿಂದಲೇ ಬಯ್ಯುತ್ತಾನೆ. ಬಲ ಸೊಂಟದ ಕೀಲು ಸವೆದುಹೋಗಿ ಈಗ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವುದೂ ಕಷ್ಟ. ಆ ಕೀಲನ್ನು ತೆಗೆದು ಬೇರೆ ಹಾಕುವುದೆಂದು ಆಸ್ಪತ್ರೆಯಲ್ಲಿ ತೀರ್ಮಾನವಾಯಿತು. ಸೋಮವಾರ ಬೆಳಿಗ್ಗೆ ಬಂದು ಸೇರಿಕೊಳ್ಳಿ ಎಂದರು.

ಆ ವಿಷಯ ತಿಳಿದುಬಂದ ದಿನ ಸಂಜೆ ಅಪ್ಪ ಕಿಟಕಿಯ ಕಡೆಯಿಂದ ಮುಖ ತಿರುಗಿಸದೆ ಒಂದು ಮಾತು ಹೇಳಿದ.

“ಹಳೇ ಘಾಟಿ ಒಂದ್ಸಲ ನೋಡ್ಬೇಕಿತ್ತು.”

“ಜೀವಮಾನ ಎಲ್ಲ ಅಲ್ಲೇ ಓಡಾಡಿದೀಯಲ್ಲಪ್ಪ, ಇನ್ನೇನು ನೋಡೋದು?”

“ರಸ್ತೆ ನೋಡಿದೀನಿ. ಘಾಟಿ ನೋಡಿಲ್ಲ.”

ಅದು ನಿಜ. ಕಣಿವೆ ನೋಡಿದವನು ಕಣಿವೆಗೇ ಹೋಗುತ್ತಾನೆ ಎಂದು ಅಪ್ಪ ತನ್ನ ಕೈಕೆಳಗೆ ಕಲಿತವರಿಗೆಲ್ಲ ಹೇಳಿಕೊಟ್ಟಿದ್ದ, ತಾನೂ ಹಾಗೆಯೇ ನಡೆದುಕೊಂಡಿದ್ದ. ಅವನ ಲಾರಿಯಲ್ಲಿ ಕೂತು ಬಂದವರೆಲ್ಲ ಘಾಟಿಯ ಮೇಲಿನ ಏರಿನಲ್ಲಿ ಬಾಯಿ ಬಿಟ್ಟುಕೊಂಡು ಹೊರಗೆ ನೋಡಿದ್ದರು. ಅವನು ಮಾತ್ರ ಮುಂದಿನ ಡಾಂಬರನ್ನು ನೋಡಿಕೊಂಡು ಹತ್ತಿಸಿದ, ಇಳಿಸಿದ, ಕೊನೆಗೊಂದು ದಿನ ಲಾರಿ ಬಿಟ್ಟ. ಇಷ್ಟು ವರ್ಷದಲ್ಲಿ ತನಗಾಗಿ ಏನನ್ನೂ ಕೇಳದ ಮನುಷ್ಯ ಇದೊಂದನ್ನು ಕೇಳಿದಾಗ ಹಗ್ಗದಕ್ಕನ ಮನಸ್ಸು ಕರಗಿತು. ಅದನ್ನು ತೋರಿಸಿಕೊಳ್ಳುವ ಪೈಕಿ ಅವಳಲ್ಲ. “ಭಾನುವಾರ ಹೋಗೋಣ” ಎಂದು ಹೇಳಿ ಅಡುಗೆಮನೆಗೆ ಹೋದಳು.

ಹೇಳುವುದೇನೋ ಹೇಳಿದ್ದಾಯಿತು, ಆದರೆ ಸಮಯ ಎಲ್ಲ ಕಡೆಯಿಂದಲೂ ಕುತ್ತಿಗೆ ಹಿಡಿದಿತ್ತು. ಬೆಟ್ಟ ಕೊರೆದು ಸುರಂಗ ಮಾಡಿದ ಮೇಲೆ ದೊಡ್ಡ ಗಾಡಿಗಳೆಲ್ಲ ಅದರೊಳಗೇ ಹೋಗುತ್ತವೆ. ಹಳೆಯ ರಸ್ತೆ ಅಲ್ಲಲ್ಲಿ ಕುಸಿದು, ಎರಡು ಚಕ್ರದ ಗಾಡಿ ಬಿಟ್ಟರೆ ಬೇರೇನನ್ನೂ ಬಿಡುವುದಿಲ್ಲ. ಚಳಿಗಾಲದ ಮೊದಲ ಹಿಮ ಬೀಳುತ್ತಿದ್ದಂತೆ ಅದಕ್ಕೂ ಕಂಬಿ ಅಡ್ಡ ಹಾಕುತ್ತಾರೆ, ಅದು ಇವತ್ತೋ ನಾಳೆಯೋ ಎನ್ನುವ ಹಾಗಿತ್ತು. ಬರುವ ವರ್ಷ ರಿಪೇರಿ ಮಾಡಿಸುವುದಿಲ್ಲ, ಹಾಗೆಯೇ ಮುಚ್ಚಿಬಿಡುತ್ತೇವೆ ಎಂದು ರಸ್ತೆ ಇಲಾಖೆಯವರು ಹೇಳಿಯೂ ಆಗಿತ್ತು. ಮಧ್ಯಾಹ್ನ ಕಳೆದರೆ ಮಂಜು ತುಂಬಿ ಏನೂ ಕಾಣುವುದಿಲ್ಲವಾದ್ದರಿಂದ ಬೆಳಿಗ್ಗೆಯೇ ಹತ್ತಬೇಕು. ಅಂದರೆ ಅಪ್ಪ ಆ ಘಾಟಿಯನ್ನು ನೋಡುವುದಾದರೆ ಈ ಭಾನುವಾರ ಬೆಳಿಗ್ಗೆ ನೋಡಬೇಕು, ಇಲ್ಲವಾದರೆ ಇಲ್ಲ.

ಮಾರನೆಯ ದಿನ ಅವಳು ಆಸ್ಪತ್ರೆಯ ಡಾಕ್ಟರಮ್ಮನ ಬಾಗಿಲು ಬಡಿದು, ಅಪ್ಪನನ್ನು ತನ್ನ ಬೈಕಿನಲ್ಲಿ ಕರೆದೊಯ್ಯಬಹುದೇ ಎಂದು ಕೇಳಿದಳು. ಆಕೆ ಕನ್ನಡಕ ಕೆಳಗಿಳಿಸಿ ಇವಳನ್ನು ಒಮ್ಮೆ ನೋಡಿ, ಸವೆಯುವುದಕ್ಕೆ ಅಲ್ಲಿ ಇನ್ನೇನೂ ಉಳಿದಿಲ್ಲ, ಹಾಗಾಗಿ ಹೊಸದಾಗಿ ಹಾಳಾಗುವುದೂ ಇಲ್ಲ, ನೋವನ್ನು ನಿಮ್ಮ ತಂದೆಯವರು ತಡೆದುಕೊಂಡರೆ ಸರಿ ಎಂದಳು. ಆದರೆ ಕಾಲು ಅಗಲಿಸಿ ಕೂರಬಾರದು, ಮುಖ್ಯವಾಗಿ ಬೀಳಬಾರದು. ಆಪರೇಷನ್ ಆದ ಮೇಲಂತೂ ಬೈಕಿನ ಹೆಸರೇ ಎತ್ತಬಾರದು. ಇಷ್ಟು ಹೇಳಿ, ಇದ್ಯಾವುದನ್ನೂ ತಾನು ಹೇಳಿಲ್ಲ ಎಂದೂ ಸೇರಿಸಿದಳು.

ಯಜಮಾನರು ಇದಕ್ಕಿಂತ ಗಟ್ಟಿ ಕಾಯಿ. ಮನೆ ಬದಲಾಯಿಸುವವರೆಲ್ಲ ತಿಂಗಳ ಕೊನೆಯಲ್ಲೇ ಬದಲಾಯಿಸುವುದು, ಹಾಗಾಗಿ ತಿಂಗಳ ಕೊನೆಯ ಭಾನುವಾರ ರಜೆ ಎಂಬ ಮಾತು ಆ ಕಂಪನಿಯಲ್ಲಿ ಯಾರ ಬಾಯಿಂದಲೂ ಬಂದದ್ದಿಲ್ಲ. ಅವರು ತಲೆಯ ಮೇಲೆ ಕೈ ಹೊತ್ತು ಕೂತರು. ಹಗ್ಗದಕ್ಕ ಎದುರಿನ ಕುರ್ಚಿಯಲ್ಲಿ ಕೂತು, ತಾನು ರಜೆ ಕೇಳುತ್ತಿಲ್ಲ, ಬರುವುದಿಲ್ಲವೆಂದು ತಿಳಿಸುತ್ತಿದ್ದೇನೆ ಎಂದಳು. ಕೊನೆಗೆ ಒಂದು ಒಪ್ಪಂದವಾಯಿತು. ಶನಿವಾರ ಒಂದು ದೊಡ್ಡ ಮನೆಯ ಕೆಲಸ ಇತ್ತು, ಮನೆ ತುಂಬ ಗಾಜಿನ ಬೊಂಬೆ, ಗಾಜಿನ ದೀಪ, ಗಾಜಿನ ಮೇಜು. ಒಂದೂ ಬಿರುಕು ಬಿಡದ ಹಾಗೆ ಅದನ್ನು ಮುಗಿಸಿಕೊಟ್ಟರೆ ಭಾನುವಾರ ಅವಳದು.

ಇನ್ನು ಉಳಿದದ್ದು ಅಪ್ಪನನ್ನು ಬೈಕಿನ ಮೇಲೆ ಕೂರಿಸುವ ಕೆಲಸ. ಇದನ್ನು ಅವಳು ತಾನು ಕಟ್ಟಿದ ಎಲ್ಲ ಸಾಮಾನುಗಳಿಗಿಂತ ಹೆಚ್ಚಿನ ಶ್ರದ್ಧೆಯಿಂದ ಕೈಗೆತ್ತಿಕೊಂಡಳು. ಕಾಲು ಅಗಲಿಸುವಂತಿಲ್ಲ ಎಂದ ಮೇಲೆ ಅಪ್ಪ ಹಿಂದಿನ ಸೀಟಿನಲ್ಲಿ ಎರಡೂ ಕಾಲನ್ನು ಒಂದೇ ಕಡೆ ಇಳಿಬಿಟ್ಟು, ಅಡ್ಡಲಾಗಿ ಕೂರಬೇಕು. ಬೆನ್ನಿಗೆ ಒರಗು, ಸೊಂಟಕ್ಕೆ ಪಟ್ಟಿ, ಪಾದಕ್ಕೊಂದು ಅಗಲವಾದ ಹಲಗೆ ಬೇಕು. ಗಂಡನಿಗೆ ಬೀಗ ರಿಪೇರಿ, ಕೀಲಿಕೈ ಮಾಡುವ ಅಂಗಡಿ ಇತ್ತು, ಕಬ್ಬಿಣದ ಕೆಲಸವೂ ಚೆನ್ನಾಗಿ ಬರುತ್ತಿತ್ತು. ಅವನು ಸ್ವಭಾವತಃ ಹೆದರುವ ಮನುಷ್ಯ; ಕನಸಿನಲ್ಲೂ ಎರಡು ಬಾರಿ ಬಾಗಿಲು ನೋಡಿಕೊಂಡು ಬರುವವನು. ಬ್ರೇಕ್ ಕೈಕೊಟ್ಟರೆ, ಮಾವನಿಗೆ ತಲೆಸುತ್ತು ಬಂದರೆ, ದಾರಿಯಲ್ಲಿ ಹಿಮ ಬಿದ್ದರೆ ಎಂದು ಒಂದೊಂದಾಗಿ ಹೇಳುತ್ತಲೇ ಹೋದ. ಹೇಳುತ್ತ ಹೇಳುತ್ತಲೇ ಹಲಗೆಯ ಅಳತೆಯನ್ನೂ ತೆಗೆದುಕೊಂಡ. ಅವನ ಪ್ರೀತಿ ಯಾವಾಗಲೂ ಹೀಗೇ, ಗೊಣಗಾಟದ ಕೆಳಗೆ ಇರುತ್ತದೆ.

ತಕರಾರು ಎದ್ದದ್ದು ಹಲಗೆಯನ್ನು ಯಾವ ಕಡೆ ಹಾಕುವುದೆಂಬ ಮಾತಿಗೆ. ಕೆಳಗಿನ ತಿರುವುಗಳಲ್ಲಿ ಕಣಿವೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬರುತ್ತದೆ, ಅದು ಹೇಗಾದರೂ ಸರಿ. ಆದರೆ ನೋಡಬೇಕಾದ್ದೆಲ್ಲ ಇರುವುದು ಮೇಲಿನ ಉದ್ದನೆಯ ಏರಿನಲ್ಲಿ. ಅಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಅಡ್ಡಲಾಗಿ ಕೂತವನ ಮುಖ ತಪ್ಪು ಕಡೆಗಿದ್ದರೆ ಅವನು ಬಂಡೆ ನೋಡಿಕೊಂಡೇ ಹೋಗಬೇಕು. ಹತ್ತುವಾಗ ಕಣಿವೆ ಎಡಕ್ಕೆ ಎಂದು ಹಗ್ಗದಕ್ಕ ಹೇಳಿದಳು. ಬಲಕ್ಕೆ ಎಂದ ಅಪ್ಪ.

ತಾನು ಕಣ್ಣಾರೆ ನೋಡಿಕೊಂಡು ಹೋದವಳು, ಸುರಂಗ ಆಗುವ ಮೊದಲಿನವರೆಗೂ ಅಲ್ಲಿ ಓಡಾಡಿದವಳು, ಕಣಿವೆ ತನ್ನ ಎಡಗೈ ಕಡೆಗೇ ಇರುತ್ತಿತ್ತು ಎಂದು ಅವಳು ಪಟ್ಟು ಹಿಡಿದಳು. ಅಪ್ಪ ಇನ್ನೊಮ್ಮೆ ಬಲಕ್ಕೆ ಎಂದ. ಆಗ ಅವಳು ಆಡಬಾರದ ಮಾತನ್ನು ಆಡಿದಳು.

“ಅಪ್ಪ, ನೀನು ಲಾರಿ ಬಿಟ್ಟು ಎಷ್ಟು ಕಾಲ ಆಯ್ತು. ನಿನ್ನೆ ತಾನೆ ಕನ್ನಡಕ ಹಾಕ್ಕೊಂಡೇ ಕನ್ನಡಕ ಹುಡುಕ್ತಿದ್ದೆ. ಎಡ ಬಲ ಎಲ್ಲ ಕಲಸಿಹೋಗಿದೆ ನಿಂಗೆ.”

ಸಾಮಾನ್ಯವಾಗಿ ಇಂಥ ಮಾತಿಗೆ ಅಪ್ಪ ಮನೆ ಹಾರಿಹೋಗುವಂತೆ ಕೂಗಬೇಕಿತ್ತು. ಅವನು ಕೋಲನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಇಟ್ಟುಕೊಂಡ. ಆಮೇಲೆ ಇದ್ದರೂ ಇರಬಹುದು, ನೀನು ಹೇಳಿದ ಹಾಗೇ ಮಾಡು ಎಂದ. ಹಗ್ಗದಕ್ಕನಿಗೆ ಗೆದ್ದ ಖುಷಿಯಾಯಿತು. ಗಂಡನಿಗೆ ಮಾತ್ರ ಅದು ಸರಿಬರಲಿಲ್ಲ. ಮಾವ ಇಷ್ಟು ಬೇಗ ಒಪ್ಪಿಕೊಂಡದ್ದನ್ನು ಅವನು ಈ ಮನೆಯಲ್ಲಿ ಕಂಡೇ ಇರಲಿಲ್ಲ. ಆದರೂ ಹಲಗೆಯನ್ನು ಎಡಕ್ಕೇ ಹಾಕಿದ.

ಶುಕ್ರವಾರ ಸಂಜೆ ಅಂಗಳದಲ್ಲಿ ಪರೀಕ್ಷೆ ನಡೆಯಿತು. ಬೈಕನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪಕ್ಕಕ್ಕೊಂದು ಗಟ್ಟಿಮುಟ್ಟಾದ ಪೆಟ್ಟಿಗೆ ಇಟ್ಟು, ಗಂಡ ಹೆಂಡತಿ ಇಬ್ಬರೂ ಸೇರಿ ಅಪ್ಪನನ್ನು ಎತ್ತಿ ಕೂರಿಸಿದರು. ಬೀರುಗಳಿಗೆ ಸುತ್ತುವ ದಪ್ಪ ಕಂಬಳಿಯನ್ನು ಬೆನ್ನಿಗೂ ಸೊಂಟಕ್ಕೂ ಕೊಟ್ಟು, ಪಟ್ಟಿ ಬಿಗಿದು, ಹಗ್ಗದಕ್ಕ ಮೂಲೆ ಮೂಲೆಯನ್ನೂ ಒತ್ತಿ ನೋಡಿದಳು. ತನ್ನನ್ನೇನು ಗಾಜಿನ ಬೀರು ಎಂದುಕೊಂಡಿದ್ದೀಯಾ ಎಂದು ಅಪ್ಪ ಕೇಳಿದ. ಬೀರು ಆಗಿದ್ದರೆ ಇಷ್ಟು ಮಾತಾಡುತ್ತಿರಲಿಲ್ಲ ಎಂದು ಅವಳು ಇನ್ನೊಂದು ಗಂಟು ಹಾಕಿದಳು. ಅವಳು ಮುಂದೆ ಕೂತು ಬೈಕನ್ನು ಎಡಕ್ಕೂ ಬಲಕ್ಕೂ ತೂಗಿದಾಗ ಅಪ್ಪನ ಭುಜ ಅವಳ ಬೆನ್ನಿಗೆ ತಗುಲುತ್ತಿತ್ತು, ಅವನು ಎತ್ತ ವಾಲುತ್ತಾನೆಂದು ಅವಳಿಗೆ ಚೆನ್ನಾಗಿ ತಿಳಿಯುತ್ತಿತ್ತು. ಅಷ್ಟರಲ್ಲಿ ಅಪ್ಪ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಿರುವುದನ್ನು ಕಂಡು ಅಕ್ಕಪಕ್ಕದವರೆಲ್ಲ ಕಾಂಪೌಂಡಿನ ಮೇಲಿಂದ ನಕ್ಕರು. ಬೈಕು ಒಂದಿಂಚೂ ಮುಂದೆ ಹೋಗಿರಲಿಲ್ಲ.

ಶನಿವಾರದ ಮನೆ ಯಜಮಾನರು ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಇತ್ತು. ಬೊಂಬೆಗಳ ಕಿವಿ, ಬಾಲ, ಕೊಂಬುಗಳಿಗೆಲ್ಲ ಮೊದಲು ಹತ್ತಿ, ಆಮೇಲೆ ಕಾಗದ, ಅದರ ಮೇಲೆ ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ಕು. ಮನೆಯಾಕೆ ದಿಂಬು ಹಿಡಿದು ಗೇಟಿನ ಬಳಿ ನಿಂತಳು. ಮಧ್ಯಾಹ್ನದ ಹೊತ್ತಿಗೆ ಎಲ್ಲವನ್ನೂ ತುಂಬಿ, ಕೊನೆಯ ಪೆಟ್ಟಿಗೆಗೆ ಬೆನ್ನು ಕೊಟ್ಟು ಹಗ್ಗದಕ್ಕ ತನ್ನ ಜಾಗದಲ್ಲಿ ಕೂತಳು. ಮನಸ್ಸು ಆಗಲೇ ಘಾಟಿಯಲ್ಲಿತ್ತು. ಹೆಲ್ಮೆಟ್ಟು, ನೀರು, ನೋವಿನ ಮಾತ್ರೆ, ಅಪ್ಪನ ಉಣ್ಣೆಯ ಕಾಲುಚೀಲ ಎಲ್ಲ ಆಗಿದೆ, ಇನ್ನೇನೂ ಬಾಕಿಯಿಲ್ಲ ಎಂದು ಹಿಗ್ಗುತ್ತಿದ್ದಳು.

ಲಾರಿ ಗಂಡನ ಅಂಗಡಿಯ ಬೀದಿಗೆ ಬಂತು. ಅವಳು ದಿನಾ ಬೆಳಿಗ್ಗೆ ಬೈಕಿನಲ್ಲಿ ಕೆಲಸಕ್ಕೆ ಹೋಗುವ ಬೀದಿ ಅದು, ಲಾರಿ ಹೋಗುತ್ತಿದ್ದದ್ದೂ ಅದೇ ದಿಕ್ಕಿಗೆ. ಅಂಗಡಿ ಕಂಡದ್ದೇ ಗಂಡನಿಗೆ ಕೈ ಬೀಸಿದಳು. ಅವನೂ ಕೀಲಿಕೈ ಉಜ್ಜುತ್ತಿದ್ದ ಅರವನ್ನೇ ಎತ್ತಿ ಬೀಸಿದ. ಅಂಗಡಿ ದಾಟಿ ಹೋದರೂ ಇವಳ ಕೈ ಕೆಳಗಿಳಿಯಲಿಲ್ಲ, ಏಕೆಂದರೆ ಎತ್ತಿದ್ದು ಎಡಗೈ. ಬೈಕಿನಲ್ಲಿ ಹೋಗುವಾಗ ಅಂಗಡಿ ಇರುವುದು ಬಲಕ್ಕೆ, ಯಾವತ್ತೂ ಬಲಕ್ಕೇ. ಹಿಂದೆ ಮುಖ ಮಾಡಿ ಕೂತವಳಿಗೆ ಅದು ಎಡಕ್ಕೆ ಬಂದಿತ್ತು. ಹಾಗಾದರೆ ಘಾಟಿಯಲ್ಲಿ ತನ್ನ ಎಡಗೈ ಕಡೆಗಿದ್ದ ಕಣಿವೆ?

ಇಷ್ಟು ವರ್ಷ ಬೆನ್ನು ಹಾಕಿ ಹತ್ತಿದ ರಸ್ತೆಯನ್ನು ತನಗಿಂತ ಬಲ್ಲವರಿಲ್ಲ ಎಂದು ಬೀಗಿದ್ದಳು. ಮುಂದೆ ನೋಡಿಕೊಂಡು ಹತ್ತಿದ ಮನುಷ್ಯನಿಗೆ ಬುದ್ಧಿ ಮಂಕಾಗಿದೆ ಎಂದು ಮುಖದ ಮೇಲೇ ಹೇಳಿದ್ದಳು. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು, ಅವನು ಅದನ್ನು ಒಪ್ಪಿಕೊಂಡುಬಿಟ್ಟದ್ದು. ಹೊಸ ಮನೆಯಲ್ಲಿ ಕೊನೆಯ ಬೊಂಬೆ ಇಳಿಸುವವರೆಗೆ ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಮುಗಿಸಿದಳು. ಒಂದು ಬಾಲವೂ ಮುರಿಯಲಿಲ್ಲ. ಯಜಮಾನರು ಫೋನಿನಲ್ಲಿ ಹೊಗಳಲು ಶುರು ಮಾಡಿದರೆ ಅರ್ಧದಲ್ಲೇ ಇಟ್ಟು ಗಂಡನಿಗೆ ಮಾಡಿದಳು. ಹಲಗೆ ಬಿಚ್ಚಿ ಬಲಕ್ಕೆ ಹಾಕಬೇಕು ಎಂದಳು.

ಬಲಕ್ಕೆ ಸೈಲೆನ್ಸರ್ ಇದೆ, ಮಾವನ ಕಾಲು ಬೆಂದುಹೋಗುತ್ತದೆ, ಅದಕ್ಕೆ ತಗಡಿನ ಮರೆ ಮಾಡಬೇಕು, ಇರುವುದು ಇದೊಂದೇ ಸಂಜೆ ಎಂದು ಗಂಡ ಶುರು ಮಾಡಿದ. ಮೇಲೆ ಹೋಗಿ ಬೈಕನ್ನೇ ತಿರುಗಿಸಿ ನಿಲ್ಲಿಸಿದರೆ ಆಗುವುದಿಲ್ಲವೇ ಎಂದೂ ಕೇಳಿದ. ದಾರಿಯುದ್ದಕ್ಕೂ ಬಂಡೆ ನೋಡಿಕೊಂಡು ಹೋಗುವುದಾದರೆ ಅಷ್ಟು ದೂರ ಯಾಕೆ, ನಮ್ಮ ಮನೆಯಲ್ಲೇ ಗೋಡೆ ಇದೆಯಲ್ಲ ಎಂದಳು ಇವಳು. ಅವನು ಗೊಣಗಿಕೊಂಡೇ ತಗಡು ಕತ್ತರಿಸಲು ಎದ್ದ. ಹೊತ್ತು ಮುಳುಗುವುದರೊಳಗೆ ಹಲಗೆ ಬಲಕ್ಕೆ ಬಂದು, ಸೈಲೆನ್ಸರಿಗೆ ಒಪ್ಪವಾದ ಮರೆಯೂ ಆಗಿತ್ತು. ಮೊದಲಿನದಕ್ಕಿಂತ ಇದೇ ಚೆನ್ನಾಗಿದೆ ಎಂದು ಅವನೇ ಎರಡು ಸಲ ಹೇಳಿಕೊಂಡ.

ಅಪ್ಪ ಕಿಟಕಿಯ ಬಳಿ ಎಂದಿನಂತೆ ಕೂತಿದ್ದ. ಹಗ್ಗದಕ್ಕ ಅವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ತಪ್ಪು ಒಪ್ಪಿಕೊಳ್ಳುವುದು ಅವಳಿಗೆ ರೂಢಿಯಿಲ್ಲದ ಕೆಲಸ, ಹಾಗಾಗಿ ಸುತ್ತಿಬಳಸದೆ ಹೇಳಿಬಿಟ್ಟಳು.

“ಅಪ್ಪ, ಕಣಿವೆ ಬಲಕ್ಕೇ ಇರೋದು. ನಾನು ಹಿಂದ್ಮುಂದಾಗಿ ಕೂತು ನೋಡಿದ್ದು. ನಿನಗೇನೂ ಮರೆತಿಲ್ಲ, ನನಗೇ ಗೊತ್ತಿರಲಿಲ್ಲ.”

ಅಪ್ಪ ಕಿಟಕಿಯಿಂದ ಅವಳ ಕಡೆ ತಿರುಗಿದ. ಗೆದ್ದವನ ಹಾಗೆ ನಗುತ್ತಾನೆಂದು ಅವಳು ಕಾದಳು. ಅವನ ಕಣ್ಣಲ್ಲಿ ನೀರು ನಿಂತಿತ್ತು.

“ಮದುವೆಯಾದ ಹೊಸದರಲ್ಲಿ ನಿಮ್ಮಮ್ಮನ್ನ ಒಂದ್ಸಲ ಲಾರೀಲಿ ಕರ್ಕೊಂಡು ಹೋಗಿದ್ದೆ” ಎಂದ. “ಅವಳು ಎಡಗಡೆ ಸೀಟಲ್ಲಿದ್ಲು. ಆ ಮೇಲಿನ ಏರು ಬಂದಾಗ ನನ್ನ ಮುಂದಿಂದ ಬಗ್ಗಿ, ನನ್ನ ಕಿಟಕೀಲಿ ನೋಡಿದ್ಲು. ಅವಳ ತಲೆ ನನ್ನ ಎದೆಗೆ ತಾಗ್ತಿತ್ತು. ನೋಡಿ ಅಲ್ಲಿ, ಒಂದ್ನಿಮಿಷ ನಿಲ್ಲಿಸಿ ಅಂದ್ಲು. ಲಾರಿ ನಿಲ್ಲಿಸೋಕೆ ಇಲ್ಲಿ ಜಾಗ ಇಲ್ಲ, ಸರಿಯಾಗಿ ಕೂತ್ಕೋ ಅಂದೆ. ಮೊನ್ನೆ ನೀನು ಕಣಿವೆ ಎಡಕ್ಕೆ ಅಂದಾಗ, ಹಾಗಾದ್ರೆ ಅವಳು ಹಾಗೆ ಬಗ್ಗಿದ್ದೂ ನಡೆದೇ ಇಲ್ವೇನೋ, ನಾನೇ ಏನೋ ಕಟ್ಕೊಂಡಿದೀನೇನೋ ಅನ್ನಿಸಿಬಿಡ್ತು.”

ಹಗ್ಗದಕ್ಕ ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. ಅಪ್ಪ ನೋಡಬೇಕೆಂದದ್ದು ಏನನ್ನು ಎಂದು ಅವಳಿಗೆ ಆಗ ಅರ್ಥವಾಯಿತು. ಇನ್ನು ಭೂಮಿ ಬಿರಿದರೂ ನಾಳೆ ಬೆಳಿಗ್ಗೆ ಹೋಗುವುದೇ ಎಂದು ಮನಸ್ಸಿನಲ್ಲೇ ಅಂದುಕೊಂಡು, ಅಪ್ಪನ ಉಣ್ಣೆಯ ಟೊಪ್ಪಿ ಹುಡುಕಲು ಎದ್ದಳು.

ಭಾನುವಾರ ಬೆಳಕು ಹರಿಯುವಾಗ ಹೊರಟರು. ಗಂಡ ಪಟ್ಟಿಯನ್ನು ಮೂರು ಬಾರಿ ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹಿಂದೆಯೇ ಓಡಿಬಂದ. ಸುರಂಗದ ಕಡೆ ಹೋಗುವ ಲಾರಿಗಳ ಸಾಲು ಬಿಟ್ಟು ಹಳೆಯ ರಸ್ತೆಗೆ ಹೊರಳಿದಾಗ ಕಂಬಿಯ ಪಕ್ಕದ ಕಾವಲುಗಾರ ಅಡ್ಡಲಾಗಿ ಕೂತ ಮುದುಕನನ್ನು ನೋಡಿ ಬಾಯಿ ತೆರೆದ. ಹಗ್ಗದಕ್ಕ ಗಂಭೀರವಾಗಿ ನಮಸ್ಕಾರ ಹೇಳಿ ಮುಂದೆ ಬಂದಳು. ಇವತ್ತೇ ಕೊನೆ, ನಾಳೆಯಿಂದ ಬಂದ್ ಎಂದು ಅವನು ಹಿಂದಿನಿಂದ ಕೂಗಿ ಹೇಳಿದ.

ಮೊದಲ ತಿರುವುಗಳಲ್ಲಿ ಅಪ್ಪ ಹಿಂದಿನಿಂದಲೇ ಗಾಡಿ ಓಡಿಸಿದ. ಗೇರ್ ಇಳಿಸು, ಹಾರ್ನ್ ಹೊಡಿ, ಅಲ್ಲಿ ಕಲ್ಲಿದೆ ಎಂದು ಒಂದೇ ಸಮ ನಡೆದಿತ್ತು. ಮುಖ ಪಕ್ಕಕ್ಕಿದ್ದರೂ ಕುತ್ತಿಗೆ ಹೊರಳಿಸಿ ರಸ್ತೆಯನ್ನೇ ನೋಡುತ್ತಿದ್ದಾನೆಂದು ಅವಳ ಬೆನ್ನಿಗೆ ತಿಳಿಯುತ್ತಿತ್ತು. ಹೀಗಾದರೆ ಈ ಸಲವೂ ಡಾಂಬರು ನೋಡಿಕೊಂಡೇ ಮೇಲೆ ಹೋಗುತ್ತಾನೆ. ಅವಳು ಬೈಕು ನಿಧಾನಿಸಿ, ರಸ್ತೆ ನಾನು ನೋಡಿಕೊಳ್ಳುತ್ತೇನೆ, ನಿನ್ನ ಕೆಲಸ ಆ ಕಡೆ ನೋಡುವುದು, ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ಲವೇ ಎಂದು ಕೇಳಿದಳು. ಎರಡು ತಿರುವು ಕಳೆಯುವ ಹೊತ್ತಿಗೆ ಅಪ್ಪನ ಭುಜ ಸಡಿಲಾಗಿ ಅವಳ ಬೆನ್ನಿಗೆ ಪೂರ್ತಿ ಒರಗಿತು, ಗೇರಿನ ಮಾತೂ ನಿಂತಿತು. ಇಷ್ಟು ಹಗುರವಾದ ಮನುಷ್ಯನೇ ತನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ್ದು ಎಂದು ಅವಳಿಗೆ ಸಂಕಟವಾಯಿತು, ಅವನನ್ನು ಹೊತ್ತು ಹತ್ತುತ್ತಿರುವುದಕ್ಕೆ ಹೆಮ್ಮೆಯೂ ಆಯಿತು.

ಮೇಲಿನ ಏರು ಬಂತು. ಕಣಿವೆ ಬಲಕ್ಕೆ ತೆರೆದುಕೊಂಡಿತು. ಮುಂದೆ ರಸ್ತೆ ಬಳಸಿಕೊಂಡು ಹೋಗುವ ಕಡೆ, ಕಣಿವೆಯ ಅಂಚಿಗೆ ಅಗಲವಾದ ಮಟ್ಟಸ ಜಾಗವಿತ್ತು. ಅದರ ಮೂಲೆಯಲ್ಲೊಂದು ಕಲ್ಲಿನ ತೊಟ್ಟಿ, ಮೇಲೆ ತುಕ್ಕು ಹಿಡಿದ ಕೊಳವೆ, ಅದರಿಂದ ಸಣ್ಣಗೆ ನೀರು ಇನ್ನೂ ಬೀಳುತ್ತಿತ್ತು. ಹಗ್ಗದಕ್ಕ ಅಲ್ಲಿ ಬೈಕು ನಿಲ್ಲಿಸಿ, ಪಕ್ಕದ ಸ್ಟ್ಯಾಂಡು ಇಳಿಸಿ, ಎರಡೂ ಕಾಲು ಊರಿ ಗಟ್ಟಿಯಾಗಿ ಹಿಡಿದುಕೊಂಡು ಕೂತಳು.

ಕೆಳಗೆ ಬಹಳ ದೂರದಲ್ಲಿ ನದಿ, ಅದರ ಎರಡೂ ದಂಡೆಗೆ ಪುಟ್ಟ ಪುಟ್ಟ ಹೊಲಗಳು, ಒಂದು ಊರು. ಯಾವುದೋ ಮನೆಯ ತಗಡಿನ ಮಾಡು ಬಿಸಿಲಿಗೆ ಹೊಳೆಯುತ್ತಿತ್ತು. ಮೋಡದ ನೆರಳೊಂದು ಹೊಲಗಳ ಮೇಲೆ ನಿಧಾನಕ್ಕೆ ಹೋಗುತ್ತಿತ್ತು. ಆಚೆಗೆ ಬೆಟ್ಟಗಳು, ಅವುಗಳ ಹಿಂದೆ ಬಿಳಿಯ ಬೆಟ್ಟಗಳು. ಹಗ್ಗದಕ್ಕ ಎಷ್ಟೋ ಸಲ ನೋಡಿದ್ದರೂ ಹೀಗೆ ನಿಂತು ನೋಡಿರಲಿಲ್ಲ. ಅಪ್ಪನ ಉಸಿರು ಏರಿಳಿಯುವುದಷ್ಟೇ ಬೆನ್ನಿಗೆ ತಿಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಅವನು ತೊಟ್ಟಿಯ ಕಡೆ ನೋಡಿದ.

“ಎಲ್ಲರೂ ಇಲ್ಲೇ ನಿಲ್ಲಿಸ್ತಿದ್ರು” ಎಂದ. “ಎಂಜಿನ್ ಕಾದ್ರೆ ಈ ತೊಟ್ಟಿ ನೀರು ಹಾಕೋಕೆ. ನನ್ನ ಗಾಡಿ ಒಂದಿನಾನೂ ಕಾಯ್ಲಿಲ್ಲ ಅಂತ ನನಗೆ ಜಂಬ. ನಿಂತವರನ್ನ ನೋಡಿ ನಗ್ತಾ ಹೋಗ್ತಿದ್ದೆ.” ಅವನು ಸೊಂಟದ ಪಟ್ಟಿಯನ್ನು ಹಿಡಿದುಕೊಂಡ. “ಜಾಗ ಇಲ್ಲ ಅಂತ ಅವಳಿಗೆ ಸುಳ್ಳು ಹೇಳ್ದೆ ಕಣೇ. ನಿಲ್ಲಿಸಬಹುದಾಗಿತ್ತು.”

ಹೋಗಲಿ ಬಿಡಪ್ಪ, ಆಗ ಅವಸರ ಇತ್ತು, ಸಮಯ ಇರಲಿಲ್ಲ ಎಂದು ಹೇಳಲು ಅವಳ ಬಾಯಿಗೆ ಬಂದಿತ್ತು. ಅಮ್ಮನ ಮುಖ ನೆನಪಾಗಿ ಅದನ್ನು ನುಂಗಿಕೊಂಡಳು.

“ಹೌದಪ್ಪ” ಎಂದಳು. “ನಿಲ್ಲಿಸಬಹುದಾಗಿತ್ತು.”

ಅಪ್ಪ ತಲೆಯಾಡಿಸಿದ. ಮಗಳು ಸಮಾಧಾನ ಹೇಳದೆ ಇದ್ದದ್ದೇ ಅವನಿಗೆ ಹಗುರವಾಯಿತೆಂದು ಕಾಣುತ್ತದೆ. ಮುಖ ಒರೆಸಿಕೊಂಡು ಮತ್ತೆ ಕಣಿವೆಯ ಕಡೆ ತಿರುಗಿದ. ಇವತ್ತು ಎಷ್ಟು ಹೊತ್ತು ನಿಲ್ಲಬಹುದು ಎಂದು ಚಿಕ್ಕವನ ಹಾಗೆ ಕೇಳಿದ. ನಿನಗೆ ಸಾಕು ಅನ್ನಿಸುವವರೆಗೆ ಎಂದಳು ಅವಳು. ಊಟದ ಹೊತ್ತು ಮೀರಿತು. ಕೆಳಗಿನಿಂದ ಮಂಜು ಎದ್ದು ಮೊದಲು ನದಿಯನ್ನು, ಆಮೇಲೆ ಹೊಲಗಳನ್ನು, ಆ ಹೊಳೆಯುವ ಮಾಡನ್ನು ಮುಚ್ಚಿತು. ಏನೂ ಕಾಣದಂತಾದ ಮೇಲೂ ಅಪ್ಪ ಆ ಕಡೆಗೇ ನೋಡುತ್ತಿದ್ದ, ಅವಳೂ ಹೊರಡೋಣ ಎನ್ನಲಿಲ್ಲ.